ಉಬ್ಬಿನ ಮೇಲೆ ಕುಳ್ಳ ಜೀಪು

ನಮ್ಮೂರಿನ ರಸ್ತೆಗಳಲ್ಲಿ ಉಬ್ಬುಗಳು ತಾವಾಗಿಯೇ ಏಳುತ್ತವೆ. ಬೇರೆ ಊರುಗಳಲ್ಲಿ ಅವನ್ನು ಪುರಸಭೆಯವರು ಹಾಕಿಸುತ್ತಾರಂತೆ, ವಾಹನಗಳು ಜೋರಾಗಿ ಓಡದಿರಲಿ ಎಂದು. ನಮ್ಮಲ್ಲಿ ಬೆಳಿಗ್ಗೆ ಮೊಳಕೆ, ಸಂಜೆಗೆ ಮೊಣಕಾಲೆತ್ತರ. ಕೆಲವು ಅಷ್ಟಕ್ಕೇ ನಿಲ್ಲುತ್ತವೆ, ಕೆಲವು ಬೆಳೆಯುತ್ತಲೇ ಹೋಗುತ್ತವೆ. ಕಡಿಯುವ ಹಾಗಿಲ್ಲ. ಬ್ಯಾಂಕಿನ ಮ್ಯಾನೇಜರೊಬ್ಬರು ವರ್ಗವಾಗಿ ಬಂದ ಹೊಸತರಲ್ಲಿ ತಮ್ಮ ಗೇಟಿನ ಮುಂದಿನ ಉಬ್ಬನ್ನು ಆಳು ಹಚ್ಚಿ ಕಡಿಸಿದರು. ಮಾರನೆಯ ದಿನ ಅದು ಅವರ ನಡುಮನೆಯಲ್ಲಿ ಎದ್ದಿತ್ತು, ಟಿ.ವಿ.ಗೆ ಸರಿಯಾಗಿ ಎದುರು. ಅದರ ಮೇಲೆ ಜಮಖಾನ ಹೊದಿಸಿ ಒರಗಿಕೊಳ್ಳುವುದನ್ನು ಮನೆಯವರು ಬೇಗ ಕಲಿತರು. ಅವರು ವರ್ಗವಾಗಿ ಹೋದ ಮೇಲೆ ಬಂದ ಬಾಡಿಗೆಯವರು ಅದನ್ನು ನೋಡಿಯೇ ಮನೆ ಒಪ್ಪಿಕೊಂಡರು ಎಂದು ಮಾತಿದೆ.

ಹಾಗಾಗಿ ನಾವು ಉಬ್ಬುಗಳ ತಂಟೆಗೆ ಹೋಗುವುದಿಲ್ಲ. ವಿಳಾಸ ಹೇಳುವಾಗ 'ಡಾಕ್ಟರ ಉಬ್ಬು ದಾಟಿ ಎಡಕ್ಕೆ' ಎನ್ನುತ್ತೇವೆ. ಹೂವು ಮಾರುವ ಹೆಂಗಸರು ಹಳೆಯ ಉಬ್ಬುಗಳ ಮೇಲೆ ಬುಟ್ಟಿ ಇಟ್ಟು ಕೂರುತ್ತಾರೆ. ಬಸ್ಸು ಊರ ಹೊರಗೇ ನಿಲ್ಲುತ್ತದೆ. ದಿನ ತುಂಬಿದ ಬಸುರಿಯರು ಆಸ್ಪತ್ರೆಗೆ ನಡೆದೇ ಹೋಗುತ್ತಾರೆ. ಎಳೆ ಉಬ್ಬಿನ ಮೇಲೆ ಮಾತ್ರ ಯಾರೂ ನಿಲ್ಲುವುದಿಲ್ಲ. ಅಷ್ಟು ತಿಳಿವಳಿಕೆ ನಮ್ಮೂರಿನ ನಾಯಿಗಳಿಗೂ ಇದೆ.

ನಾನು ಅಡುಗೆಯವಳು. ಹೆಸರು ದ್ರಾಕ್ಷಾಯಣಿ. ನಾಮಕರಣ, ನಿಶ್ಚಿತಾರ್ಥ, ತಿಥಿ, ಏನೇ ಇದ್ದರೂ ಮನೆಯಲ್ಲಿ ಬೇಯಿಸಿ ಅವರಿದ್ದಲ್ಲಿಗೆ ಮುಟ್ಟಿಸುತ್ತೇನೆ. ಜೊತೆಗೆ ಪಕ್ಕದ ಬೀದಿಯ ಕೊಟ್ರಕ್ಕ. ಅವಳದು ನನಗಿಂತ ಗಟ್ಟಿ ಕೈ, ನನಗಿಂತ ಗಟ್ಟಿ ಬಾಯಿ. ಇಬ್ಬರೂ ಸೇರಿ ತಳ್ಳುಗಾಡಿಯಲ್ಲಿ ಅನ್ನ, ಪಲ್ಯ, ಸಾರಿನ ಕೊಳಗ ಇಟ್ಟುಕೊಂಡು ಹೋಗುತ್ತಿದ್ದೆವು. ಪ್ರತಿ ಉಬ್ಬಿನಲ್ಲೂ ಸಾರು ಒಂದಿಷ್ಟು ರಸ್ತೆಗೆ ಸಲ್ಲುತ್ತಿತ್ತು. ದೂರದ ಬಡಾವಣೆಗಳಿಂದ ಕರೆ ಬಂದರೆ ಒಲ್ಲೆ ಎನ್ನಬೇಕಾಗುತ್ತಿತ್ತು. ಗಾಡಿ ತಳ್ಳಿ ತಳ್ಳಿ ಕೊಟ್ರಕ್ಕನ ಭುಜ ಹಿಡಿದುಕೊಂಡ ಮೇಲೆ, ಕೂಡಿಟ್ಟದ್ದರಲ್ಲಿ ಒಂದು ವಾಹನ ಕೊಳ್ಳೋಣ ಎಂದು ನಿರ್ಧರಿಸಿದೆ. ಆ ಮಾತನ್ನು ಗಂಡನ ಕಿವಿಗೆ ಹಾಕಿದ್ದೇ ತಪ್ಪಾಯಿತು.

ನನ್ನ ಗಂಡ ಚೆನ್ನಬಸಪ್ಪನವರು ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸೈಕಲ್ ಬಿಟ್ಟು ಬೇರೇನನ್ನೂ ನಡೆಸಿದವರಲ್ಲ. ಆದರೆ ವಾಚನಾಲಯದ ಜಗಲಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವಾಹನಗಳ ಬಗ್ಗೆಯೇ ಮಾತಾಡುತ್ತಿದ್ದರು. ಅಲ್ಲಿ ಎಲ್ಲರ ಮಾತೂ ಅದೇ. ಉಬ್ಬುಗಳ ಊರಿನಲ್ಲಿ ಯಾವ ಕಾರು ಯೋಗ್ಯ ಎನ್ನುವುದನ್ನು ಬಿಟ್ಟರೆ ಬೇರೆ ವಿಷಯ ಅವರಿಗೆ ರುಚಿಸುತ್ತಿರಲಿಲ್ಲ. ಆಗಷ್ಟೇ ಪೇಟೆಗೆ ಹೊಸ ಥರದ ಗಾಡಿಗಳು ಬಂದಿದ್ದವು. ಮುಖ ನೋಡಿದರೆ ಜೀಪು, ಒಳಗೆ ಕೂತರೆ ಕಾರು. ಎತ್ತರ ಉಂಟು, ಉದ್ದ ಇಲ್ಲ. ಕಂಪನಿಯವರು ಅದಕ್ಕೆ ಏನೋ ದೊಡ್ಡ ಹೆಸರಿಟ್ಟಿದ್ದರು. ನಮ್ಮೂರಿನಲ್ಲಿ ಕುಳ್ಳ ಜೀಪು ಎಂದೇ ಆಯಿತು.

ನನ್ನವರು ಕುಳ್ಳ ಜೀಪಿನ ಪಕ್ಷ. ವಿರೋಧ ಪಕ್ಷದ ನಾಯಕ ನನ್ನ ಸ್ವಂತ ಅಣ್ಣ, ಬಣ್ಣದ ಅಂಗಡಿಯ ಮರುಳಸಿದ್ದಪ್ಪ. ಅವನ ಹತ್ತಿರ ಹಳೆಯ ತಗ್ಗು ಕಾರೊಂದಿತ್ತು. ಅದರ ಹೊಟ್ಟೆ ಉಬ್ಬುಗಳಿಗೆ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತಿದ್ದುದರಿಂದ ದೂರದಿಂದ ಕೇಳುವವರಿಗೆ ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ.

"ಬಾವ, ಗ್ರೌಂಡ್ ಕ್ಲಿಯರೆನ್ಸ್ ಅನ್ನೋದು ಮರ್ಯಾದೆ ಪ್ರಶ್ನೆ. ನೆಲಕ್ಕೂ ನಮಗೂ ನಡುವೆ ಒಂದು ಅಂತರ ಇರಬೇಕು," ಎನ್ನುತ್ತಿದ್ದರು ಇವರು.

"ಬಾವ, ಕುಳ್ಳ ಎತ್ತರದ ಚಪ್ಪಲಿ ಮೆಟ್ಟಿದ್ರೆ ಆಳೇನು ಬದಲಾಗಲ್ಲ," ಎನ್ನುತ್ತಿದ್ದ ಅಣ್ಣ. "ಅದೂ ಕಾರೇ. ಮೇಲೆ ಎರಡು ಕಂಬಿ ಜಡಿದವ್ರೆ, ಪಕ್ಕಕ್ಕೆ ಕಪ್ಪು ಪ್ಲಾಸ್ಟಿಕ್ ಅಂಟಿಸವ್ರೆ. ಆ ಕಂಬಿಗೆ ಒಂದು ಚಾಪೆ ಕಟ್ಟಿದೋರನ್ನ ನೀವು ಕಂಡಿದೀರಾ?"

"ಕಟ್ಟೋದು ಬಿಡೋದು ಬೇರೆ ಪ್ರಶ್ನೆ ಬಾವ. ಕಟ್ಟಬಹುದು ಅನ್ನೋ ಧೈರ್ಯ ಮುಖ್ಯ."

ಇದಕ್ಕೆ ಜಗಲಿಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಹಿಂದಿನ ಗಾಜು ಇಳಿಜಾರಾಗಿರಬೇಕೋ ನೆಟ್ಟಗಿರಬೇಕೋ ಎಂದು ಒಂದು ವಾರ ನಡೆಯಿತು. ಚಾವಣಿಯಲ್ಲಿ ಕಿಟಕಿ ಬೇಕೋ ಬೇಡವೋ ಎಂದು ಶುರುವಾದದ್ದು ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಗಾಡಿಯಲ್ಲಿ ಏನು ತುಂಬುತ್ತೀರಿ ಎಂದು ಮಾತ್ರ ಒಬ್ಬರೂ ನನ್ನನ್ನು ಕೇಳಲಿಲ್ಲ. ನಾನಾಗಿಯೇ ಒಂದು ದಿನ ದೊಡ್ಡ ಕೊಳಗದ ಸುತ್ತಳತೆಗೆ ಸೆಣಬಿನ ದಾರ ಸುತ್ತಿ, ಗಂಟು ಹಾಕಿ, ಇವರ ಕೈಗೆ ಕೊಟ್ಟೆ.

"ಈ ಅಳತೆ ಪಾತ್ರೆ ಹಿಡಿಸ್ಬೇಕು. ಅಷ್ಟು ನೋಡ್ರಿ ಸಾಕು. ಸಂತೆ ಹತ್ರ ಸಾಮಾನು ಆಟೋ ಓಡಾಡ್ತಾವಲ್ಲ, ಅಂಥದ್ದಾದ್ರೂ ನಂಗೆ ನಡೀತದೆ."

ಇವರು ನಕ್ಕರು. ಸಿಟ್ಟಿನ ನಗುವಲ್ಲ, ಕರುಣೆಯ ನಗು. "ಸಾಮಾನು ಆಟೋದಲ್ಲಿ ಡಿಸೈನ್ ಅನ್ನೋದೇ ಇಲ್ಲ ದ್ರಾಕ್ಷಿ. ನೀನು ಅಡುಗೆ ನೋಡ್ಕೋ. ವಾಹನದ ವಿಷಯ ನನಗೆ ಬಿಡು," ಎಂದು ದಾರ ಜೇಬಿಗೆ ಹಾಕಿಕೊಂಡು ಹೋದರು. ಸಂಜೆ ಅದೇ ದಾರದಲ್ಲಿ ಕಾರಿನ ಚಿತ್ರಗಳಿದ್ದ ಹಳೆಯ ಪತ್ರಿಕೆಗಳ ಕಟ್ಟು ಕಟ್ಟಿಕೊಂಡು ಮನೆಗೆ ಬಂದರು.

ಕೊನೆಗೆ ವಾಚನಾಲಯದವರು ಈ ವಾದವನ್ನು ಇತ್ಯರ್ಥ ಮಾಡಲು ಒಂದು ಸಭೆಯನ್ನೇ ಕರೆದರು. ಮೈಕು ಹಾಕಿಸಿದ್ದರು. ಚಹಾ, ಮಂಡಕ್ಕಿ ಮೆಣಸಿನಕಾಯಿ ನನ್ನಿಂದಲೇ ಹೋಯಿತು, ಸೇವೆಯ ಲೆಕ್ಕದಲ್ಲಿ. ಅಣ್ಣ ಚೆನ್ನಾಗಿಯೇ ಮಾತಾಡಿದ. ಕುಳ್ಳ ಜೀಪು ಕಾಡಿಗೆ ಹೋಗುವುದಿಲ್ಲ, ಬೆಟ್ಟ ಹತ್ತುವುದಿಲ್ಲ, ತರಕಾರಿ ಮಾರುಕಟ್ಟೆಯ ಗಲ್ಲಿಗೂ ನುಗ್ಗುವುದಿಲ್ಲ, ಹಾಗಾದರೆ ಅದು ಇರುವುದು ಎಲ್ಲಿಗಾಗಿ ಎಂದು ಕೇಳಿದ. ನನ್ನವರು ಎದ್ದು ನಿಂತು ಕನ್ನಡಕ ಒರೆಸಿಕೊಂಡು ಒಂದೇ ಮಾತು ಹೇಳಿದರು: "ಜೀಪಿನ ಧೈರ್ಯ, ಕಾರಿನ ಸುಖ. ಎರಡೂ ಬೇಕು ಅನ್ನೋದು ಮನುಷ್ಯನ ಸ್ವಭಾವ. ಸ್ವಭಾವಕ್ಕೆ ವಿರುದ್ಧ ಹೋಗೋದು ಪ್ರಾಯೋಗಿಕ ಅಲ್ಲ." ಸಭೆಯನ್ನು ಗೆದ್ದರು. ಹಾರ ಹಾಕಿದರು. ಗೆದ್ದ ಹುರುಪಿನಲ್ಲಿ ಇವರು ಮುಂದಿನ ವಾರವೇ ಬ್ಯಾಂಕಿಗೆ ಹೋಗಿ, ನಮ್ಮಿಬ್ಬರ ಹೆಸರಿನಲ್ಲಿದ್ದ ನನ್ನ ದುಡಿಮೆಯನ್ನು ತೆಗೆದು, ಕುಳ್ಳ ಜೀಪು ತಂದು ಮನೆಯ ಮುಂದೆ ನಿಲ್ಲಿಸಿಬಿಟ್ಟರು. ನಿಲ್ಲಿಸಿಬಿಟ್ಟರು ಎಂದೆ, ನಿಲ್ಲಿಸಿದ್ದು ಕಂಪನಿಯ ಡ್ರೈವರು. ಅವನು ಕೀಲಿ ಕೊಟ್ಟು ಬಸ್ಸು ಹಿಡಿಯಲು ನಡೆದುಹೋದ.

ಕೊಟ್ರಕ್ಕ ಗಾಡಿಯನ್ನು ಒಂದು ಸುತ್ತು ಹಾಕಿ, ಹಿಂದಿನ ಬಾಗಿಲು ತೆಗೆಸಿದಳು. ಡಿಕ್ಕಿಯ ಅಂಚು ಅವಳ ಸೊಂಟಕ್ಕಿಂತ ಮೇಲಿತ್ತು. ಬಿಸಿ ಸಾರಿನ ಕೊಳಗವನ್ನು ಎದೆಯವರೆಗೆ ಎತ್ತಿ, ಮತ್ತೆ ಒಳಗೆ ತಗ್ಗಿಗೆ ಇಳಿಸಬೇಕು. ಇಬ್ಬರೂ ಸೇರಿ ಖಾಲಿ ಕೊಳಗ ಇಟ್ಟು ನೋಡಿದೆವು. ಕೊಳಗ ಕೂತಿತು, ಬಾಗಿಲು ಮುಚ್ಚಲಿಲ್ಲ. ಇಳಿಜಾರು ಗಾಜು ಕೊಳಗದ ಕಂಠಕ್ಕೆ ತಾಗುತ್ತಿತ್ತು.

"ಗಾಜು ಯಾಕೆ ಹಿಂಗೆ ಬಗ್ಸಿದಾರೆ ಮೇಷ್ಟ್ರೇ?" ಎಂದಳು ಕೊಟ್ರಕ್ಕ.

"ಗಾಳಿ ಸರಾಗ ಜಾರ್ಲಿ ಅಂತ."

"ನಾವು ಗಾಳಿ ಒಯ್ಯೋರಾ, ಸಾರು ಒಯ್ಯೋರಾ?" ಎಂದು ಅವಳು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಇಣುಕಿ, ಚಾವಣಿಯ ಕಿಟಕಿ ಕಂಡು, "ಇದೊಂದು ಸರಿ ಮಾಡವ್ರೆ ಬಿಡು. ಅನ್ನದ ಹಬೆ ಹೋಗಕ್ಕೆ," ಎಂದಳು.

ಇನ್ನೊಂದು ತೊಡಕಿತ್ತು. ಗಾಡಿ ನಡೆಸಲು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರುತ್ತಿದ್ದವನು ಅಣ್ಣ ಒಬ್ಬನೇ. ಸೋತವನು ಗೆದ್ದವನ ಗಾಡಿಗೆ ಡ್ರೈವರಾದ. ಬೇಸರವೇನೂ ಪಡಲಿಲ್ಲ. ದಿನಾ ಬೆಳಿಗ್ಗೆ ಬಂದು, ಸ್ಟಿಯರಿಂಗ್ ಹಿಡಿದು, ಅದರ ಒಂದೊಂದೇ ಕೊರತೆಯನ್ನು ಇವರಿಗೆ ಕಣ್ಣೆದುರೇ ತೋರಿಸುವುದರಲ್ಲಿ ಅವನಿಗೆ ಎಂದೂ ಇಲ್ಲದ ಸುಖ ಸಿಗುತ್ತಿತ್ತು. ಇವರು ಪಕ್ಕದಲ್ಲಿ ಕೂತು ಒಂದೊಂದಕ್ಕೂ ಸಮಾಧಾನ ಹೇಳುತ್ತಿದ್ದರು. ನಾನು ಹಿಂದೆ ಕೊಳಗ ಹಿಡಿದುಕೊಂಡು ಇಬ್ಬರ ಬೆನ್ನನ್ನೂ ನೋಡುತ್ತಿದ್ದೆ.

ಅಕ್ಕಿ ಗಿರಣಿಯವರ ಮಗಳ ನಿಶ್ಚಿತಾರ್ಥದ ಊಟ ನನ್ನ ಪಾಲಿಗೆ ಬಂತು. ಊರಿನ ಆ ತುದಿಯ ಸಮುದಾಯ ಭವನದಲ್ಲಿ. ಭವನದ ಮ್ಯಾನೇಜರು ಓಂಕಾರಪ್ಪನವರು ಮೊದಲೇ ಹೇಳಿದ್ದರು: "ಇದೊಂದು ಹೊತ್ತಿಗೆ ಸರಿಯಾಗಿ ಮುಟ್ಟಿಸ್ರಮ್ಮ. ವರ್ಷವಿಡೀ ಭವನದ ಅಡುಗೆ ನಿಮಗೇ ಬಿಡ್ತೀನಿ." ಅಂಥದ್ದು ಸಿಕ್ಕರೆ ನಾನೂ ಕೊಟ್ರಕ್ಕನೂ ಮನೆಮನೆ ಬಾಗಿಲು ಕಾಯುವುದು ತಪ್ಪುತ್ತಿತ್ತು. ನಸುಕಿಗೇ ಎದ್ದು ಒಲೆ ಹಚ್ಚಿದೆವು. ಡಿಕ್ಕಿಯಲ್ಲಿ ಹಿಡಿಯದ ಸಾರಿನ ಕೊಳಗವನ್ನು ಹಿಂದಿನ ಸೀಟಿನ ಮೇಲೆ ಹಳೆಯ ಸೀರೆ ಹಾಸಿ ಕೂರಿಸಿದೆವು. ಪಾಯಸದ ತಪ್ಪಲೆ ನನ್ನ ಕಾಲ ಹತ್ತಿರ. ಹೋಳಿಗೆ ಡಿಕ್ಕಿಯಲ್ಲಿ. ಅನ್ನ, ಪಲ್ಯ ಇದರಲ್ಲಿ ಹಿಡಿಯುವಂತೆಯೇ ಇರಲಿಲ್ಲ. ಕೊಟ್ರಕ್ಕ ಅದನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಮುಂದೆ ಹೊರಟಳು.

ವಾಚನಾಲಯದ ಮುಂದೆ ಬೆಳಿಗ್ಗೆಯಷ್ಟೇ ಹೊಸ ಉಬ್ಬು ಎದ್ದಿತ್ತು. ಎಳೆಯದು, ಮೇಲಿನ ಟಾರು ಇನ್ನೂ ಬಿರುಕು ಬಿಡುತ್ತಿತ್ತು. ಜಗಲಿಯವರೆಲ್ಲ ಕೈಬೀಸಿದರು. ಅಣ್ಣ ವೇಗ ತಗ್ಗಿಸಿ, "ಇದನ್ನ ನಿಮ್ಮ ಗಾಡಿ ದಾಟಲ್ಲ ಬಾವ. ಹೊಟ್ಟೆ ತಾಗ್ತದೆ," ಎಂದ.

"ತಾಗಲ್ಲ."

"ತಾಗ್ತದೆ."

"ಹಾಗಾದ್ರೆ ಮೇಲೆ ನಿಲ್ಲಿಸಿ. ಜಗಲಿಯವರು ಬಗ್ಗಿ ನೋಡಿ ಹೇಳ್ಲಿ. ಇವತ್ತು ಇತ್ಯರ್ಥ ಆಗೇಬಿಡ್ಲಿ."

"ಅಣ್ಣ, ನಿಲ್ಲಿಸ್ಬೇಡ. ಎಳೆ ಉಬ್ಬು," ಎಂದೆ. "ಸಾರು ಆರ್ತದೆ, ನಡಿ."

"ಒಂದು ನಿಮಿಷ ಕಣೇ. ಇದು ತತ್ವದ ಪ್ರಶ್ನೆ," ಎಂದ ಅಣ್ಣ. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಬಾವಂದಿರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದರು.

ಉಬ್ಬಿನ ನೆತ್ತಿಯ ಮೇಲೆ ಗಾಡಿ ನಿಂತಿತು. ಜಗಲಿಯವರು ಇಳಿದು ಬಂದು ರಸ್ತೆಗೆ ಕೆನ್ನೆ ತಾಗಿಸಿ ನೋಡಿದರು. ಒಬ್ಬರು ಬೆರಳು ತೂರಿಸಿ ತಾಗಿಲ್ಲ ಎಂದರು. ಇನ್ನೊಬ್ಬರು ಬೆರಳು ತೂರುವುದನ್ನು ಅಂತರ ಎನ್ನಲಾಗದು ಎಂದರು. ಅಂತರ ಎಂದರೇನು ಎಂದು ಮಾತು ಬೆಳೆಯಿತು. ಮಾತಿನ ಜೊತೆಗೆ ಉಬ್ಬೂ ಬೆಳೆಯಿತು. ಕೆಳಗಿನಿಂದ ಯಾರೋ ಮೆಲ್ಲಗೆ ಎತ್ತಿಕೊಂಡಂತೆ ಗಾಡಿ ಮೇಲಕ್ಕೇರಿತು. ಬೆರಳು ತೂರಿಸಿದವರು ಬೆರಳು ಹಿಂದಕ್ಕೆ ಎಳೆದುಕೊಂಡರು. ನಾಲ್ಕೂ ಚಕ್ರ ನೆಲ ಬಿಟ್ಟು ನಿಧಾನವಾಗಿ ತಿರುಗತೊಡಗಿದವು. ಕುಳ್ಳ ಜೀಪು ಹೊಟ್ಟೆಯ ಮೇಲೆ ನಿಂತು, ಮಕ್ಕಳು ಆಡುವ ಹಲಗೆಯ ಹಾಗೆ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತೂಗಿತು. ಸಾರು ಕೊಳಗದಿಂದ ಉಕ್ಕಿ ಸೀಟಿಗೆ, ಸೀಟಿನಿಂದ ನನ್ನ ಕಾಲಿಗೆ ಇಳಿಯಿತು. ನೋವಿಗಿಂತ ಮೊದಲು ನನಗೆ ಓಂಕಾರಪ್ಪನವರ ಮುಖ ಕಣ್ಣಿಗೆ ಬಂತು.

"ಅಲ್ಲಾಡ್ಬೇಡ ದ್ರಾಕ್ಷಿ," ಎಂದರು ಇವರು ಹಿಂದಕ್ಕೆ ತಿರುಗದೆ. "ನೀನೂ ಪಾತ್ರೆಗಳೂ ಹಿಂದೆ ಇರೋದ್ರಿಂದ ಸಮತೋಲ ಇದೆ. ನೀನು ಇಳಿದ್ರೆ ನಾವು ಮುಂದಕ್ಕೆ ಬೀಳ್ತೀವಿ."

"ಬಾವ ಹೇಳೋದು ಸರಿ ಇದೆ ಕಣೇ. ಕೂತಿರು. ಯೋಚನೆ ಮಾಡೋಣ," ಎಂದ ಅಣ್ಣ.

ಯೋಚನೆ ಶುರುವಾಯಿತು. ಇದು ಡಿಸೈನಿನ ದೋಷವೋ, ರಸ್ತೆಯ ದೋಷವೋ? ಎರಡು ಚಕ್ರಕ್ಕೆ ಬದಲು ನಾಲ್ಕು ಚಕ್ರಕ್ಕೂ ಬಲ ಹೋಗುವ ಮಾದರಿ ಕೊಂಡಿದ್ದರೆ ಹೀಗಾಗುತ್ತಿತ್ತೇ? ನಾಲ್ಕೂ ಗಾಳಿಯಲ್ಲಿದ್ದರೆ ಬಲ ಎಲ್ಲಿಗೆ ಹೋದರೇನು? ಜಗಲಿಯವರು ಎರಡು ಬದಿಯ ಕಿಟಕಿಗಳಲ್ಲೂ ತಲೆ ಇಟ್ಟು ತಮ್ಮ ತಮ್ಮ ಅಭಿಪ್ರಾಯ ಕೊಟ್ಟರು. ಬಿಸಿಲು ಏರುತ್ತಿತ್ತು. ಅತ್ತ ಭವನದಲ್ಲಿ ಎಲೆ ಹಾಕುವ ಹೊತ್ತು.

ಗಾಡಿ ಕಾಣದೆ ಕೊಟ್ರಕ್ಕ ತಳ್ಳುಗಾಡಿ ತಿರುಗಿಸಿಕೊಂಡು ವಾಪಸು ಬಂದಳು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಅವಳು ಹೂವಿನ ಹೆಂಗಸರನ್ನು ಕರೆದಳು. ನಾನು ಹಿಂದಿನ ಬಾಗಿಲು ತೆಗೆದು ಮೊದಲು ಪಾಯಸದ ತಪ್ಪಲೆ ಕೊಟ್ಟೆ. ಗಾಡಿ ಮೂಗು ತಗ್ಗಿಸಿತು. ಯಾರೋ ಡಿಕ್ಕಿಯಿಂದ ಹೋಳಿಗೆಯ ಬುಟ್ಟಿ ಎಳೆದುಕೊಂಡರು. ಮತ್ತಷ್ಟು ತಗ್ಗಿತು. ಅರ್ಧವಾದ ಸಾರಿನ ಕೊಳಗವನ್ನು ಮೂವರು ಸೇರಿ ತಳ್ಳುಗಾಡಿಗೆ ಇಳಿಸಿಕೊಂಡರು.

"ದ್ರಾಕ್ಷಿ, ಬೇಡ. ಸ್ವಲ್ಪ ವಿಚಾರ ಮಾಡು," ಎಂದರು ಇವರು. ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

"ವಿಚಾರ ನೀವು ಮಾಡ್ತಿರ್ರಿ," ಎಂದು ನಾನು ಇಳಿದೆ.

ಕುಳ್ಳ ಜೀಪು ಮುಂದಕ್ಕೆ ಮುಗ್ಗರಿಸಿ ಮುಖವನ್ನು ರಸ್ತೆಗೆ ಊರಿತು. ಬಾವಂದಿರಿಬ್ಬರೂ ಜಾರಿ ಗಾಜಿಗೆ ಮೂಗು ಒತ್ತಿಕೊಂಡರು. ಪೆಟ್ಟೇನೂ ಆಗಲಿಲ್ಲ. ನಾನು ತಿರುಗಿ ನೋಡಿದಾಗ ಅಣ್ಣನ ತುಟಿಗಳು ಆಡುತ್ತಲೇ ಇದ್ದವು.

ಊಟ ತಡವಾಯಿತು. ಗಂಡಿನ ಕಡೆಯವರೊಬ್ಬರು ಕೈಗಡಿಯಾರ ನೋಡುತ್ತ ಎದ್ದು ನಿಂತಿದ್ದರು. ನಾನು ಸುಟ್ಟ ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಉಳಿದ ಸಾರಿಗೆ ಬೇಳೆಕಟ್ಟು ಸೇರಿಸಿ, ಒಗ್ಗರಣೆ ಹಾಕಿ ಬಡಿಸಿದೆ. ಹುಡುಗಿಯ ತಾಯಿ ಕೈ ತೊಳೆಯುವಾಗ ಹೋಳಿಗೆ ಚೆನ್ನಾಗಿತ್ತು ಎಂದಳು, ಸಾರಿನ ಮಾತೆತ್ತಲಿಲ್ಲ. ಓಂಕಾರಪ್ಪನವರು ಕೆಟ್ಟ ಮನುಷ್ಯರಲ್ಲ. "ರುಚಿಗೆ ಮಾತಿಲ್ಲ ಬಿಡ್ರಮ್ಮ," ಎಂದರು. "ಆದ್ರೆ ಸರಿಯಾದ ಗಾಡಿ ಮಾಡ್ಕೊಂಡು ಬಂದ್ರೆ ಮುಂದಿನ ಮಾತು." ಆ ದಿನ ಮನೆಗೆ ನಡೆಯುವಾಗ ಕೊಟ್ರಕ್ಕ ನೋಯುವ ಭುಜವನ್ನೇ ಕೊಟ್ಟು ಖಾಲಿ ಪಾತ್ರೆಗಳ ತಳ್ಳುಗಾಡಿ ತಳ್ಳಿದಳು. ಅದು ನನಗೆ ಕಾಲಿನ ಉರಿಗಿಂತ ಹೆಚ್ಚು ಉರಿಯಿತು.

ಕುಳ್ಳ ಜೀಪನ್ನು ಕೆಳಗಿಳಿಸಲಾಗಲಿಲ್ಲ. ಕ್ರೇನು ಊರೊಳಗೆ ಬರುವ ಹಾಗಿಲ್ಲ, ಉಬ್ಬನ್ನು ಕಡಿಯುವ ಹಾಗಿಲ್ಲ. ಅದು ಬೆಳೆಯುವ ಜಾತಿಯ ಉಬ್ಬು. ಗಾಡಿ ವಾಚನಾಲಯದ ಜಗಲಿಯ ಮಟ್ಟಕ್ಕೆ ಬಂತು, ಆಮೇಲೆ ಅದನ್ನೂ ಮೀರಿತು. ಅಲ್ಲಾಡದಿರಲಿ ಎಂದು ಜಗಲಿಯವರು ಮುಂದೆ ಹಿಂದೆ ಕಲ್ಲು ಕಟ್ಟಿ, ಒಂದು ಏಣಿ ಇಟ್ಟರು. ನಿಧಾನವಾಗಿ ಸಭೆ ಅಲ್ಲಿಗೇ ಹೋಯಿತು. ಸೀಟು ಮೆತ್ತಗಿದ್ದವು, ನೆರಳಿತ್ತು, ಊರೆಲ್ಲ ಕಾಣುತ್ತಿತ್ತು. ಎತ್ತರದಲ್ಲಿ ಕೂರುವುದರ ಸೊಗಸೇ ಬೇರೆ ಎಂದು ಈಗ ಅಣ್ಣನೂ ಒಪ್ಪಿದ. ವಾಹನ ವಿಚಾರ ಸಂಘ ಎಂದು ಹೆಸರಿಟ್ಟು, ಪ್ರಾಯೋಗಿಕ ಚಿಂತನೆಗಾಗಿ ನನ್ನ ಗಂಡನನ್ನು ಅಧ್ಯಕ್ಷರನ್ನಾಗಿ ಆರಿಸಿದರು.

ನಾನು ಸಂತೆಪೇಟೆಯ ಮೆಕ್ಯಾನಿಕ್ ಬಾಷಾನನ್ನು ಕರೆದುಕೊಂಡು ಹೋಗಿ ಏಣಿಯ ಕೆಳಗೆ ನಿಂತೆ.

"ಇದರ ಚಕ್ರ ನಿಮಗೆ ಬೇಕೇನ್ರಿ?" ಎಂದು ಕೂಗಿದೆ.

ಇವರು ಚಾವಣಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಒಳಗೆ ಕೇಳಿ ಬಂದು, "ಚಕ್ರದಿಂದ ನಮಗೇನೂ ಉಪಯೋಗ ಇಲ್ಲ," ಎಂದರು.

"ಎಂಜಿನ್?"

ಮತ್ತೆ ಒಳಗೆ ಸ್ವಲ್ಪ ಚರ್ಚೆಯಾಯಿತು. "ಎಂಜಿನ್ ತಗೋ. ಸೀಟು ಮಾತ್ರ ಮುಟ್ಬೇಡ. ಗಾಜೂ ಇರ್ಲಿ, ಇಲ್ಲಾಂದ್ರೆ ಗಾಳಿ ಹೊಡೀತದೆ."

ಬಾಷಾ ಬಾನೆಟ್ ಎತ್ತಿ ಎಂಜಿನ್ ಬಿಚ್ಚುತ್ತಿದ್ದಾಗ ಒಳಗೆ ಅದೇ ಎಂಜಿನ್ನಿನ ಶಕ್ತಿ ಸಾಲದು ಎಂದು ಅಣ್ಣ, ಸಾಕು ಎಂದು ಇವರು ವಾದಿಸುತ್ತಿದ್ದರು. ಅದು ಹಗ್ಗದಲ್ಲಿ ಕೆಳಗಿಳಿದು ಹೋದ ಮೇಲೂ ವಾದ ನಿಲ್ಲಲಿಲ್ಲ. ಬ್ಯಾಟರಿ, ದೀಪ, ಚಾವಣಿಯ ಕಂಬಿಗಳು, ಎಲ್ಲವೂ ಒಂದೊಂದಾಗಿ ಹೋದವು. ಅವನ್ನು ಮಾರಿದ ದುಡ್ಡಿನಲ್ಲಿ ನನಗೊಂದು ಹಳೆಯ ಸಾಮಾನು ಆಟೋ ಬಂತು. ಮೂರು ಚಕ್ರ, ತಗ್ಗು ಹಲಗೆ, ಹಿಂದೆ ಪೂರ್ತಿ ಬಯಲು. ಕೊಟ್ರಕ್ಕ ಕೊಳಗವನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ಜಾರಿಸಿ, ಕೈ ಒರೆಸಿಕೊಂಡು, ಬಹಳ ದಿನಗಳ ಮೇಲೆ ನಕ್ಕಳು.

ಓಡಿಸುವುದನ್ನು ನಾನೇ ಕಲಿತೆ. ಮೊದಮೊದಲು ಒಮ್ಮೆ ಬ್ಯಾಂಕಿನ ಮ್ಯಾನೇಜರು ಹಿಂದೆ ಇದ್ದ ಮನೆಯ ಗೇಟಿಗೆ ಗುದ್ದಿದೆ. ಉಬ್ಬುಗಳನ್ನು ದಾಟುವುದಕ್ಕಿಂತ ಬಳಸಿಕೊಂಡು ಹೋಗುವುದು ಲೇಸು ಎಂದು ಆಮೇಲೆ ತಿಳಿಯಿತು. ಮೂರು ಚಕ್ರಕ್ಕೆ ಅಷ್ಟು ಸಂದು ಸಾಕು. ಬಳಸಲಾಗದ ಕಡೆ ಕೊಟ್ರಕ್ಕ ಹಿಂದೆ ಕೂತು ಮುಚ್ಚಳ ಒತ್ತಿ ಹಿಡಿಯುತ್ತಿದ್ದಳು. ಓಂಕಾರಪ್ಪನವರು ಒಂದು ತಿಂಗಳು ನೋಡಿ, ಆಮೇಲೆ ಭವನದ ಅಡುಗೆಯನ್ನು ನಮಗೇ ಬಿಟ್ಟರು.

ಒಂದು ದಿನ ಕೊಟ್ರಕ್ಕನಿಗೆ ಜ್ವರ ಬಂತು. ಭವನದಲ್ಲಿ ಮದುವೆ ಊಟ. ಮುಚ್ಚಳ ಹಿಡಿಯಲು ಆಳಿಲ್ಲ. ನಾನು ಸಂಘದ ಏಣಿಯ ಕೆಳಗೆ ಆಟೋ ನಿಲ್ಲಿಸಿ ಹಾರ್ನ್ ಹೊಡೆದೆ.

"ಇಳೀರಿ," ಎಂದೆ.

"ಸಭೆ ನಡೀತಿದೆ," ಎಂದರು ಇವರು ಕಿಟಕಿಯಿಂದ.

"ಅಧ್ಯಕ್ಷರು ಊಟಕ್ಕೆ ಮನೆಗೇ ಬರ್ಬೇಕಲ್ಲ. ಇಳೀರಿ."

ಏಣಿ ಬಹಳ ಎತ್ತರವಾಗಿತ್ತು. ಇವರು ಹೆದರಿಕೊಂಡು ಒಂದೊಂದೇ ಮೆಟ್ಟಿಲು ತಡಕುತ್ತ ಇಳಿದರು. ಪಂಚೆಯ ಅಂಚು ಒಂದು ಮೊಳೆಗೆ ಸಿಕ್ಕಿ ಹರಿಯಿತು. ಹಿಂದೆ ಹತ್ತಿ ಕೊಳಗದ ಪಕ್ಕ ಕುಕ್ಕರಗಾಲಲ್ಲಿ ಕೂತರು. ವಯಸ್ಸಾಗಿದೆ ಇವರಿಗೆ ಎಂದು ನನಗೆ ಆಗಲೇ ಅನಿಸಿದ್ದು. ಆಟೋ ಹೊರಟಿತು. ಮೊದಲ ಉಬ್ಬಿಗೆ ಇವರ ಹಲ್ಲು ಕಟಕಟ ಎಂದಿತು.

"ಇದರ ಸಸ್ಪೆನ್ಷನ್ ನೋಡು ದ್ರಾಕ್ಷಿ, ಇದು..."

"ಮುಚ್ಚಳ ಹಿಡ್ಕೊಳ್ರಿ."

"ಮೂರು ಚಕ್ರದ ಗಾಡೀಲಿ ಭಾರದ ಕೇಂದ್ರ ಅನ್ನೋದು..."

"ಎರಡೂ ಕೈಯಲ್ಲಿ."

ಡಾಕ್ಟರ ಉಬ್ಬಿನಲ್ಲಿ ಆಟೋ ಒಂದು ಕಡೆಗೆ ಬಾಗಿತು. ಮುಚ್ಚಳ ಜಾರಿತು, ಸಾರು ಚಿಮ್ಮಿತು. ಅಯ್ಯೋ ಎನ್ನುವ ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಿದೆ. ಇವರ ಗಲ್ಲ, ಕನ್ನಡಕ, ಅಂಗಿಯ ಎದೆ ಎಲ್ಲ ಸಾರು. ಎರಡೂ ಕೈ ಮಾತ್ರ ಮುಚ್ಚಳದ ಮೇಲೇ ಇದ್ದವು. ನಾಲಿಗೆ ಹೊರಗೆ ಬಂದು ಮೀಸೆಯನ್ನು ಒಮ್ಮೆ ಸವರಿತು.

"ಉಪ್ಪು ಕಡಿಮೆಯಾಗಿದೆ ಕಣೇ," ಎಂದರು.

ಇವರು ಏನು ಹೇಳಿದರೂ ಕೇಳದೆ ಮುಂದೆ ಹೋಗುವುದು ಅಷ್ಟರಲ್ಲಿ ನನಗೆ ರೂಢಿಯಾಗಿತ್ತು. ಆದರೂ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡಿದೆ. ಕೊಟ್ರಕ್ಕ ಇಲ್ಲದ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದೆ. ಸಾಮಾನಿನ ಬುಟ್ಟಿಯಿಂದ ಉಪ್ಪಿನ ಪೊಟ್ಟಣ ತೆಗೆದೆ. ಇವರು ಕೇಳುವ ಮೊದಲೇ ಮುಚ್ಚಳ ಎತ್ತಿ ಹಿಡಿದರು.